ಯಾರು ತೊಟ್ಟ ಜರ್ಸಿ ಇದು? ಅಮೆರಿಕದ ಕಾಲೇಜು ಐಸ್ ಹಾಕಿ ಜರ್ಸಿಯ ಅಸಲಿತನ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಹಾಕಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಕೊಡಗಿನ ಮೈದಾನಗಳು. ಈ ಬರಹ ಮಂಜಿನ ಹಾಸಿನ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡುವ ಐಸ್ ಹಾಕಿಗೆ, ಅದರಲ್ಲೂ ಅಮೆರಿಕದ ವಿಶ್ವವಿದ್ಯಾಲಯ ತಂಡಗಳ ಆಟಕ್ಕೆ ಸೇರಿದ್ದು. ಮಿಷಿಗನ್, ಮಿನ್ನೆಸೋಟ, ವಿಸ್ಕಾನ್ಸಿನ್, ನಾರ್ತ್ ಡಕೋಟ, ಬಾಸ್ಟನ್ ಯೂನಿವರ್ಸಿಟಿ, ಬಾಸ್ಟನ್ ಕಾಲೇಜ್, ಮೇನ್, ಕಾರ್ನೆಲ್ ಮುಂತಾದ ತಂಡಗಳ ಆಟಗಾರರು ಪಂದ್ಯದಲ್ಲಿ ನಿಜವಾಗಿ ತೊಟ್ಟ ಜರ್ಸಿಗಳನ್ನು ಸಂಗ್ರಹಿಸುವ ದೊಡ್ಡ ಬಳಗವೊಂದು ಆ ದೇಶದಲ್ಲಿದೆ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿಯೂ, ತಾವು ಓದಿದ ಅಥವಾ ತಮ್ಮ ಮಕ್ಕಳು ಓದುತ್ತಿರುವ ವಿಶ್ವವಿದ್ಯಾಲಯದ ಮೇಲಿನ ಅಭಿಮಾನದಿಂದ ಈ ಹವ್ಯಾಸಕ್ಕೆ ಕೈಹಾಕಿದವರಿದ್ದಾರೆ. ಅಂಥವರು ಹಣ ಕೊಡುವ ಮುನ್ನ ಮಾಡಬೇಕಾದ ಪರೀಕ್ಷೆಗಳನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಕಾಲೇಜು ಜರ್ಸಿಯ ಪರೀಕ್ಷೆ ವೃತ್ತಿಪರ ಎನ್‌ಎಚ್‌ಎಲ್ ಜರ್ಸಿಯ ಪರೀಕ್ಷೆಗಿಂತ ಬೇರೆ ಬಗೆಯದು ಎಂಬುದನ್ನು ಮೊದಲೇ ತಿಳಿದಿರಬೇಕು. ಎನ್‌ಎಚ್‌ಎಲ್ ತಂಡಗಳು ಒಂದೇ ಋತುವಿನಲ್ಲಿ ಆಟಗಾರನಿಗೆ ಹಲವು ಜೊತೆ ಜರ್ಸಿ ಕೊಡುತ್ತವೆ, ಪ್ರತಿ ಜೊತೆಗೂ ಗುರುತು ಹಾಕುತ್ತವೆ, ಕೊನೆಗೆ ದಾಖಲೆಯೊಂದಿಗೆ ಮಾರುತ್ತವೆ. ಕಾಲೇಜಿನಲ್ಲಿ ಜರ್ಸಿ ಆಟಗಾರನ ಸ್ವತ್ತಲ್ಲ, ವಿಶ್ವವಿದ್ಯಾಲಯದ ಸ್ವತ್ತು. ಖರ್ಚಿನ ದೃಷ್ಟಿಯಿಂದ ಅನೇಕ ಕಡೆ ಒಂದೇ ಜೊತೆಯನ್ನು ಎರಡು ಮೂರು ವರ್ಷ ಬಳಸುತ್ತಾರೆ, ಆಟಗಾರ ಪದವಿ ಮುಗಿಸಿ ಹೋದಾಗ ಬೆನ್ನಿನ ಹೆಸರುಪಟ್ಟಿಯನ್ನು ಬಿಚ್ಚಿ, ಅದೇ ಸಂಖ್ಯೆಯನ್ನು ಪಡೆದ ಹೊಸಬನ ಹೆಸರನ್ನು ಹೊಲಿಯುತ್ತಾರೆ. ಹೀಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು: ಈ ಅಂಗಿ ಪಂದ್ಯಕ್ಕೆ ಇಳಿದಿತ್ತೇ ಎಂಬುದು ಒಂದು, ಇಳಿದಿದ್ದರೆ ಯಾರ ಮೈಮೇಲೆ, ಯಾವ ಋತುವಿನಲ್ಲಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕ ಸಂತೋಷದಲ್ಲಿ ಎರಡನೆಯದನ್ನು ಮರೆಯುವವರೇ ಹೆಚ್ಚು, ಮತ್ತು ಬೆಲೆ ನಿಂತಿರುವುದು ಆ ಎರಡನೆಯದರ ಮೇಲೆಯೇ.

ಮೊದಲ ಹಂತ: ಮಾರುವವರು ಹೇಳುತ್ತಿರುವುದೇನು ಎಂದು ಬರೆದುಕೊಳ್ಳಿ

ಜರ್ಸಿಯನ್ನು ಮುಟ್ಟುವ ಮೊದಲು, ಮಾರಾಟಗಾರರ ಹೇಳಿಕೆಯನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ: ಯಾವ ತಂಡ, ಯಾವ ಋತು, ಬಿಳಿಯದೋ ಬಣ್ಣದ್ದೋ, ಯಾವ ಸಂಖ್ಯೆ, ಯಾವ ಆಟಗಾರ, ಯಾವ ಪಂದ್ಯ. ಇವುಗಳಲ್ಲಿ ಯಾವುದನ್ನು ಅವರು ಹೇಳದೆ ಬಿಟ್ಟಿದ್ದಾರೆ ಎಂಬುದೂ ಒಂದು ಮಾಹಿತಿ.

ಈ ವ್ಯಾಪಾರದಲ್ಲಿ ಬಳಸುವ ಪದಗಳು ಕೇಳಲು ಒಂದೇ ರೀತಿ ಇದ್ದರೂ ಅರ್ಥ ಬೇರೆ ಬೇರೆ. ಗೇಮ್ ವೋರ್ನ್ ಎಂದರೆ ಪಂದ್ಯದಲ್ಲಿ ತೊಟ್ಟು ಆಡಿದ್ದು. ಗೇಮ್ ಇಷ್ಯೂಡ್ ಅಥವಾ ಟೀಮ್ ಇಷ್ಯೂಡ್ ಎಂದರೆ ತಂಡಕ್ಕಾಗಿ ತಯಾರಾಗಿ ಆಟಗಾರನ ಹೆಸರಿಗೆ ಸಿದ್ಧವಾಗಿದ್ದರೂ ಮಂಜಿನ ಹಾಸಿಗೆ ಇಳಿಯದೆ ಉಳಿದದ್ದು. ಗಾಯಗೊಂಡವನ ಜರ್ಸಿ, ಮೂರನೆಯ ಗೋಲಿಯ (ಗೋಲು ಕಾಯುವವನ) ಜರ್ಸಿ, ಯಾರಿಗೂ ಕೊಡದೆ ಉಳಿದ ಸಂಖ್ಯೆಗಳ ಜರ್ಸಿ ಎಲ್ಲ ಈ ಗುಂಪಿಗೆ ಸೇರುತ್ತವೆ. ಆಥೆಂಟಿಕ್ ಎಂಬುದು ಅಂಗಡಿಯಲ್ಲಿ ಅಭಿಮಾನಿಗಳಿಗೆ ಮಾರುವ ಉತ್ತಮ ದರ್ಜೆಯ ಜರ್ಸಿಗೆ ಇಟ್ಟ ಹೆಸರು, ಆ ಪದಕ್ಕೆ ಇಲ್ಲಿ ಅಸಲಿ ಎಂಬ ಅರ್ಥವಿಲ್ಲ. ಅಭ್ಯಾಸದ ಜರ್ಸಿಗಳಿಗೂ ಸವೆತ ಭರ್ಜರಿಯಾಗಿರುತ್ತದೆ, ವಾರದಲ್ಲಿ ನಾಲ್ಕೈದು ದಿನ ತೊಟ್ಟದ್ದಾದ್ದರಿಂದ ಪಂದ್ಯದ ಜರ್ಸಿಗಿಂತ ಹೆಚ್ಚೇ ಇರಬಹುದು. ಅಂಥದ್ದಕ್ಕೆ ಆಮೇಲೆ ಸಂಖ್ಯೆ ಹೊಲಿದು ಪಂದ್ಯದ್ದೆಂದು ಮಾರುವ ಚಾಳಿ ಹೊಸದೇನಲ್ಲ.

ಎರಡನೆಯ ಹಂತ: ಕಾಲದ ಪರೀಕ್ಷೆ

ಇದಕ್ಕೆ ಭೂತಗನ್ನಡಿಯೂ ಬೇಡ, ಜರ್ಸಿಯೂ ಕೈಯಲ್ಲಿರಬೇಕಾಗಿಲ್ಲ. ಇತಿಹಾಸಕ್ಕೆ ಹೊಂದದ ಹೇಳಿಕೆ ಇಲ್ಲೇ ಬಿದ್ದುಹೋಗುತ್ತದೆ.

ಜರ್ಸಿಗೆ ಹೊಲಿದ ಲೀಗುಗಳ ಗುರುತುಪಟ್ಟಿ, ಅಂದರೆ ಪ್ಯಾಚ್‌ನಿಂದ ಆರಂಭಿಸಿ. ಹಾಕಿ ಈಸ್ಟ್ ಎಂಬ ಲೀಗು ಆಟ ಆರಂಭಿಸಿದ್ದು 1984–85ರಲ್ಲಿ, ಬಿಗ್ ಟೆನ್ ಲೀಗಿನಲ್ಲಿ ಪುರುಷರ ಐಸ್ ಹಾಕಿ ಶುರುವಾದದ್ದು 2013–14ರಲ್ಲಿ. ಅದೇ 2013ರಲ್ಲಿ ಮುಚ್ಚಿಹೋದ ಸಿಸಿಎಚ್‌ಎ ಎಂಬ ಲೀಗು 2021ರಲ್ಲಿ ಮತ್ತೆ ಆರಂಭವಾಯಿತು. ಆದ್ದರಿಂದ 2010ರ ಮಿಷಿಗನ್ ಜರ್ಸಿಯ ಮೇಲೆ ಬಿಗ್ ಟೆನ್ ಗುರುತಿದ್ದರೆ, ಅಥವಾ 2016ರದೆಂದು ಹೇಳುವ ಜರ್ಸಿಯ ಮೇಲೆ ಸಿಸಿಎಚ್‌ಎ ಪ್ಯಾಚ್ ಇದ್ದರೆ, ಮುಂದಿನ ಮಾತೇ ಬೇಡ. ರಾಷ್ಟ್ರೀಯ ಚಾಂಪಿಯನ್‌ಷಿಪ್ 1948ರಿಂದ ನಡೆಯುತ್ತಿದ್ದರೂ, ಅದರ ಕೊನೆಯ ಘಟ್ಟಕ್ಕೆ ಫ್ರೋಜನ್ ಫೋರ್ ಎಂಬ ಹೆಸರು ಅಂಟಿದ್ದು 1999ರಲ್ಲಿ. ಕೋವಿಡ್‌ನಿಂದಾಗಿ 2020ರ ಟೂರ್ನಿ ರದ್ದಾಯಿತು. ಆ ವರ್ಷದ ಫ್ರೋಜನ್ ಫೋರ್ ಪಂದ್ಯದಲ್ಲಿ ತೊಟ್ಟ ಜರ್ಸಿ ಎಂಬುದೊಂದು ಜಗತ್ತಿನಲ್ಲಿ ಇರಲು ಸಾಧ್ಯವಿಲ್ಲ. ಹಾಗೆಯೇ ಕಾರ್ನೆಲ್, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಡಾರ್ಟ್‌ಮತ್, ಬ್ರೌನ್ ಎಂಬ ಆರು ಐವಿ ಲೀಗ್ ವಿಶ್ವವಿದ್ಯಾಲಯಗಳು 2020–21ರಲ್ಲಿ ಐಸ್ ಹಾಕಿ ಆಡಲೇ ಇಲ್ಲ.

ಲಾಂಛನದ ಕಾಲವನ್ನು ನೋಡಲು ನಾರ್ತ್ ಡಕೋಟ ಒಳ್ಳೆಯ ಉದಾಹರಣೆ. ಆ ತಂಡಕ್ಕಿದ್ದ ಫೈಟಿಂಗ್ ಸೂ ಎಂಬ ಹೆಸರನ್ನು, ಮೂಲನಿವಾಸಿಗಳ ಹೆಸರನ್ನು ಕ್ರೀಡಾ ತಂಡಗಳಿಗೆ ಇಡುವುದರ ಬಗೆಗಿನ ದೀರ್ಘ ವಿವಾದದ ನಂತರ, 2012ರಲ್ಲಿ ಕೈಬಿಡಲಾಯಿತು. ಫೈಟಿಂಗ್ ಹಾಕ್ಸ್ ಎಂಬ ಹೊಸ ಹೆಸರು ಬಂದದ್ದು 2015ರ ನವೆಂಬರಿನಲ್ಲಿ. ನಡುವಿನ ಮೂರು ವರ್ಷ ತಂಡಕ್ಕೆ ಅಡ್ಡಹೆಸರೇ ಇರಲಿಲ್ಲ. ಮೂಲನಿವಾಸಿಯ ಮುಖವಿದ್ದ, ಬಹಳ ಬೇಡಿಕೆಯ ಆ ಲಾಂಛನ ಬಳಕೆಗೆ ಬಂದದ್ದು 1999ರಲ್ಲಿ. ಹೀಗಾಗಿ ಅದೇ ಲಾಂಛನದ ಜರ್ಸಿಯನ್ನು 1995ರದೆಂದೋ 2014ರದೆಂದೋ ಹೇಳಿದರೆ ಉತ್ತರ ಕ್ಯಾಲೆಂಡರಿನಲ್ಲೇ ಇದೆ.

ತಯಾರಕರ ಹೆಸರನ್ನೂ ಹೀಗೆಯೇ ಕಾಲಕ್ಕೆ ಹೊಂದಿಸಿ ನೋಡಬೇಕು. ಮಿಷಿಗನ್ 2016ರಲ್ಲಿ ಅಡಿಡಾಸ್ ಬಿಟ್ಟು ನೈಕಿಗೆ ಮರಳಿತು, ವಿಸ್ಕಾನ್ಸಿನ್ ಅದೇ ವರ್ಷ ಅಡಿಡಾಸ್‌ನಿಂದ ಅಂಡರ್ ಆರ್ಮರ್‌ಗೆ ಹೋಯಿತು, ನೋಟರ್ ಡೇಮ್ 2014ರಲ್ಲಿಯೇ ಅಂಡರ್ ಆರ್ಮರ್‌ಗೆ ಹೋಗಿತ್ತು. ಒಪ್ಪಂದ ಬದಲಾಗುವ ವರ್ಷದಲ್ಲಿ ಹಳೆಯ ಅಭ್ಯಾಸದ ಅಂಗಿಗಳು ಉಳಿದುಕೊಂಡಿರಬಹುದು. ಪಂದ್ಯದ ಜರ್ಸಿಯಲ್ಲಿ ಅಂಥ ಬೆರಕೆ ಕಂಡರೆ ಆ ಋತುವಿನ ಛಾಯಾಚಿತ್ರ ನೋಡದೆ ಮುಂದುವರಿಯಬೇಡಿ.

ಬಯಲಿನಲ್ಲಿ ನಡೆದ ವಿಶೇಷ ಪಂದ್ಯಗಳ ಜರ್ಸಿಗಳು ಒಂದು ಕಡೆ ಸುಲಭ, ಇನ್ನೊಂದು ಕಡೆ ಕಷ್ಟ. ಮಿಷಿಗನ್ ಸ್ಟೇಟ್‌ನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 2001ರ ಅಕ್ಟೋಬರ್ 6ರಂದು 74,000ಕ್ಕೂ ಹೆಚ್ಚು ಜನರೆದುರು ನಡೆದು 3–3ರಲ್ಲಿ ಮುಗಿದ ಕೋಲ್ಡ್ ವಾರ್ ಪಂದ್ಯ, ಆನ್ ಆರ್ಬರ್‌ನಲ್ಲಿ 2010ರ ಡಿಸೆಂಬರ್ 11ರಂದು ಮಿಷಿಗನ್ 5–0ಯಿಂದ ಗೆದ್ದ ಬಿಗ್ ಚಿಲ್, ಇವುಗಳಿಗೆ ಛಾಯಾಚಿತ್ರಗಳು ಹೇರಳವಾಗಿವೆ. ಆದರೆ ಒಂದೇ ಪಂದ್ಯಕ್ಕಾಗಿ ಮಾಡಿಸಿದ ಜರ್ಸಿಯಲ್ಲಿ ಸವೆತ ತೀರ ಕಡಿಮೆ ಇರುವುದು ಸಹಜ. ಅಂಥದ್ದರ ಮೇಲೆ ಕಲೆ, ತೇಪೆ, ಹರಕುಗಳ ಜಾತ್ರೆಯೇ ನೆರೆದಿದ್ದರೆ ಅದೇ ಅನುಮಾನಕ್ಕೆ ಕಾರಣ.

ಮೂರನೆಯ ಹಂತ: ಬಟ್ಟೆ, ಅಳತೆ, ಟ್ಯಾಗು

ಈಗ ಜರ್ಸಿಯನ್ನು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ಹಗಲು ಬೆಳಕಿನಲ್ಲಿ ಹರಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಅಳತೆ ಪಟ್ಟಿ, 365 ನ್ಯಾನೋಮೀಟರಿನ ನೇರಳಾತೀತ ಟಾರ್ಚು, ಒಳ್ಳೆಯ ಕ್ಯಾಮೆರಾ ಇಷ್ಟಿದ್ದರೆ ಸಾಕು. ಮೊದಲು ಹೊರಮೈ, ಆಮೇಲೆ ಒಳಮೈ ತಿರುಗಿಸಿ, ಒಂದಂಗುಲವನ್ನೂ ಬಿಡದೆ ಫೋಟೋ ತೆಗೆದುಕೊಳ್ಳಿ. ದೂರದ ಮಾರಾಟಗಾರರಾದರೆ ಒಳಮೈಯ ಫೋಟೋಗಳನ್ನು ಕೇಳಿ ಪಡೆಯಿರಿ. ಅದಕ್ಕೆ ಒಲ್ಲದವರಿಂದ ಕೊಳ್ಳದಿರುವುದೇ ಲೇಸು.

ಅಮೆರಿಕದ ಉಡುಪು ಲೇಬಲ್ ಕಾನೂನುಗಳು ಸಂಗ್ರಾಹಕನಿಗೆ ತಿಳಿಯದಂತೆಯೇ ದೊಡ್ಡ ಉಪಕಾರ ಮಾಡಿವೆ. ಯಾವ ನೂಲು ಎಷ್ಟು ಪಾಲು ಇದೆ ಎಂದು ನಮೂದಿಸುವುದು 1960ರಿಂದ, ಒಗೆಯುವ ವಿಧಾನದ ಸೂಚನೆ 1972ರಿಂದ ಕಡ್ಡಾಯವಾಯಿತು. ಆ ಸೂಚನೆಯನ್ನು ಪದಗಳಿಲ್ಲದೆ ಬರಿಯ ಚಿಹ್ನೆಗಳಲ್ಲಿ ಕೊಡಲು 1997ರಲ್ಲಿ ಅನುಮತಿ ಸಿಕ್ಕಿತು. ಬಕೆಟ್ಟು, ಇಸ್ತ್ರಿ, ತ್ರಿಕೋನಗಳ ಚಿಹ್ನೆ ಮಾತ್ರ ಇರುವ, ಅಲ್ಲಿನ ಮಾರುಕಟ್ಟೆಗೆಂದೇ ತಯಾರಾದ ಟ್ಯಾಗು 1988ರ ಜರ್ಸಿಯಲ್ಲಿ ಕಂಡರೆ ನಿಂತು ಯೋಚಿಸಬೇಕು. ಟ್ಯಾಗಿನಲ್ಲಿ ಆರ್‌ಎನ್ ಎಂಬ ಅಕ್ಷರಗಳ ನಂತರ ಬರುವ ಸಂಖ್ಯೆ ಕಂಪನಿಯ ನೋಂದಣಿ ಸಂಖ್ಯೆ. ಫೆಡರಲ್ ಟ್ರೇಡ್ ಕಮಿಷನ್‌ನ ಜಾಲತಾಣದಲ್ಲಿ ಅದನ್ನು ಹುಡುಕಿ ತಯಾರಕರ ಹೆಸರು ತಿಳಿಯಬಹುದು. ಅದು ಅಂಗಿಯ ವಯಸ್ಸನ್ನು ಹೇಳುವ ಸಂಖ್ಯೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ, ಅದು ಕಂಪನಿಯನ್ನು ಮಾತ್ರ ಹೇಳುತ್ತದೆ.

ಕಂಪನಿಗಳ ಕೈ ಬದಲಾವಣೆಯೂ ನೆನಪಿರಲಿ. ಹಾಕಿ ಸಾಮಗ್ರಿ ತಯಾರಿಸುವ ಸಿಸಿಎಂ 2004ರಲ್ಲಿ ರೀಬಾಕ್ ಪಾಲಾಯಿತು, ರೀಬಾಕ್ 2006ರಲ್ಲಿ ಅಡಿಡಾಸ್ ಪಾಲಾಯಿತು, 2017ರಲ್ಲಿ ಅಡಿಡಾಸ್ ಸಿಸಿಎಂ ಅನ್ನು ಮಾರಿತು. ಅಂಥದೇ ಇನ್ನೊಂದು ಕಂಪನಿಯಾದ ಬಾವರ್ 2008ರವರೆಗೆ ನೈಕಿಯ ಅಧೀನದಲ್ಲಿತ್ತು. ಕುತ್ತಿಗೆಯ ಒಳಗಿನ ಟ್ಯಾಗಿನ ಮೇಲಿನ ಹೆಸರುಗಳ ಜೋಡಣೆ ಈ ವರ್ಷಗಳಿಗೆ ಹೊಂದಬೇಕು.

ಅಳತೆ ಸಾಮಾನ್ಯವಾಗಿ 52, 54, 56, 58 ಎಂಬ ಅಂಕಿಗಳಲ್ಲಿರುತ್ತದೆ. ಗೋಲಿಯ ಜರ್ಸಿ ಎದೆ, ತೋಳುಗಳಲ್ಲಿ ವಿಶೇಷವಾಗಿ ಅಗಲವಾಗಿರುತ್ತದೆ, ಅಳತೆಯ ಮುಂದೆ ಜಿ ಅಕ್ಷರವಿರುವುದೂ ಉಂಟು. ಆಟಗಾರನ ಎತ್ತರ ತೂಕಗಳು ಹಳೆಯ ತಂಡಪಟ್ಟಿಗಳಲ್ಲಿ ಸಿಗುತ್ತವೆ. ದೇಹದ ಗಾತ್ರಕ್ಕೂ ಜರ್ಸಿಯ ಗಾತ್ರಕ್ಕೂ ತಾಳೆಯಿಲ್ಲದಿದ್ದರೆ ಅದೊಂದೇ ಕಾರಣಕ್ಕೆ ತಿರಸ್ಕರಿಸಬೇಕಾಗಿಲ್ಲ, ಆದರೆ ಬರೆದಿಡಿ.

ಬೆನ್ನಿನ ಒಳಭಾಗದಲ್ಲಿ ಚಲ್ಲಣಕ್ಕೆ ಬಿಗಿಯುವ ಪಟ್ಟಿಯೊಂದು ಇರುತ್ತದೆ, ಫೈಟ್ ಸ್ಟ್ರ್ಯಾಪ್ ಎಂದು ಅದರ ಹೆಸರು. ಜಗಳದಲ್ಲಿ ಎದುರಾಳಿ ಜರ್ಸಿಯನ್ನು ತಲೆಯ ಮೇಲಕ್ಕೆ ಎಳೆಯದಿರಲಿ ಎಂಬುದು ಉದ್ದೇಶ. ಅದು ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ ಎಂದು ಕಣ್ಣುಮುಚ್ಚಿ ಹೇಳುವವರಿದ್ದಾರೆ. ಕಾಲೇಜು ಕ್ರೀಡೆಗಳನ್ನು ನಡೆಸುವ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ನಿಯಮದಂತೆ ಹೊಡೆದಾಡಿದವನು ಆ ಪಂದ್ಯದಿಂದಲೂ ಮುಂದಿನ ಪಂದ್ಯದಿಂದಲೂ ಹೊರಗೆ. ಆದ್ದರಿಂದ ಕಾಲೇಜು ಆಟದಲ್ಲಿ ಆ ಪಟ್ಟಿಗೆ ಅಷ್ಟು ಕೆಲಸವಿಲ್ಲ. ಅಂಗಡಿಯ ದುಬಾರಿ ಜರ್ಸಿಗಳಲ್ಲಿಯೂ ಅದನ್ನು ಹೊಲಿದಿರುತ್ತಾರೆ. ಪಟ್ಟಿಯಿಂದ ಏನನ್ನೂ ನಿರ್ಧರಿಸಬೇಡಿ.

ನಾಲ್ಕನೆಯ ಹಂತ: ಸಂಖ್ಯೆ, ಹೆಸರುಪಟ್ಟಿ, ಅದರ ಕೆಳಗಿನ ನೆರಳು

ಕಾಲೇಜು ಜರ್ಸಿಯ ಚರಿತ್ರೆ ಬರೆದಿರುವುದು ಇಲ್ಲಿಯೇ, ಆದ್ದರಿಂದ ಅವಸರ ಬೇಡ. ಸಂಖ್ಯೆ, ಅಕ್ಷರ, ಲಾಂಛನಗಳು ಬಹುಕಾಲದಿಂದ ಟ್ವಿಲ್ ಎಂಬ ಗಟ್ಟಿ ಬಟ್ಟೆಯಲ್ಲಿ ಕತ್ತರಿಸಿ, ಒಂದರ ಮೇಲೊಂದು ಪದರವಾಗಿ ಇಟ್ಟು, ಅಂಚಿನುದ್ದಕ್ಕೂ ಜಿಗ್‌ಜಾಗ್ ಹೊಲಿಗೆ ಹಾಕಿದಂಥವು. ಈಚಿನ ಕೆಲವು ಜರ್ಸಿಗಳಲ್ಲಿ ಬಣ್ಣವನ್ನು ನೂಲಿನೊಳಕ್ಕೇ ಇಳಿಸುವ ಮುದ್ರಣವೂ ಉಂಟು. ಟ್ವಿಲ್ ಆದರೆ ಎಷ್ಟು ಪದರ, ಹೊಲಿಗೆಯ ಸಾಂದ್ರತೆ ಎಷ್ಟು, ಒಳಮೈಯಲ್ಲಿ ಕಾಣುವ ಕೆಳದಾರದ ಬಣ್ಣ ಯಾವುದು ಎಂದು ಗುರುತಿಸಿ. ಅಂಕಿಗಳ ಆಕಾರವನ್ನೂ ನೋಡಿ: ನಾಲ್ಕರ ತಲೆ ತೆರೆದಿದೆಯೋ ಮುಚ್ಚಿದೆಯೋ, ಒಂದಕ್ಕೆ ಮೂಗು ಇದೆಯೋ ಇಲ್ಲವೋ, ಅಂಕಿಯ ಎತ್ತರ ಎಷ್ಟಂಗುಲ. ಅದೇ ಋತುವಿನ, ಅದೇ ತಂಡದ, ಅನುಮಾನಕ್ಕೆ ಎಡೆಯಿಲ್ಲದ ಇನ್ನೊಂದು ಜರ್ಸಿಯ ಪಕ್ಕದಲ್ಲಿಟ್ಟು ಹೋಲಿಸುವ ಅವಕಾಶ ಸಿಕ್ಕರೆ ಅದಕ್ಕಿಂತ ದೊಡ್ಡ ಪಾಠವಿಲ್ಲ.

ಬಳಿಕ ಹೆಸರುಪಟ್ಟಿ. ಜರ್ಸಿಯೊಳಗೆ ದೀಪವಿಟ್ಟು ಹೊರಗಿನಿಂದ ನೋಡಿ. ಈಗಿರುವ ಹೊಲಿಗೆಯ ಸಾಲಿನ ಪಕ್ಕದಲ್ಲಿ ದಾರವಿಲ್ಲದ ಸೂಜಿ ರಂಧ್ರಗಳ ಇನ್ನೊಂದು ಸಾಲು ಕಂಡರೆ, ಅಲ್ಲಿ ಮೊದಲು ಬೇರೊಂದು ಪಟ್ಟಿ ಇತ್ತು ಎಂದರ್ಥ. ಪಟ್ಟಿ ಮುಚ್ಚಿದ್ದ ಜಾಗದ ಬಟ್ಟೆ ಸುತ್ತಲಿನದಕ್ಕಿಂತ ಗಾಢವಾಗಿ ಉಳಿದಿರುತ್ತದೆ. ಹಳೆಯ ಪಟ್ಟಿ ಉದ್ದವಾಗಿದ್ದು ಹೊಸದು ಗಿಡ್ಡವಾಗಿದ್ದರೆ ಎರಡೂ ಕೊನೆಗಳಲ್ಲಿ ಆ ನೆರಳು ಇಣುಕುತ್ತದೆ. ಆ ನೆರಳಿನ ಉದ್ದವನ್ನು ಅಳೆದು, ಅದೇ ಸಂಖ್ಯೆಯನ್ನು ಹಿಂದೆ ಮುಂದೆ ತೊಟ್ಟವರ ಹೆಸರುಗಳ ಉದ್ದದೊಂದಿಗೆ ತಾಳೆ ನೋಡಿದರೆ, ಆ ಅಂಗಿ ಯಾರ ಕೈಯಿಂದ ಯಾರ ಕೈಗೆ ದಾಟಿತೆಂಬುದು ಹಲವು ಸಲ ತಾನಾಗಿ ತಿಳಿಯುತ್ತದೆ.

ಇಲ್ಲಿ ಎರಡು ಸಾಧ್ಯತೆಗಳಿವೆ. ಕಡಿಮೆ ಹೆಸರಿನ ಆಟಗಾರನ ಪಟ್ಟಿಯ ಕೆಳಗೆ ಖ್ಯಾತನ ನೆರಳಿದ್ದರೆ ಅದು ತಂಡದವರೇ ಮಾಡಿದ ಮರುಬಳಕೆ ಆಗಿರುವ ಸಂಭವ ಹೆಚ್ಚು. ಖ್ಯಾತನ ಪಟ್ಟಿಯ ಕೆಳಗೆ ಅವನ ನಂತರ ಬಂದವನ ಹೆಸರಿನಷ್ಟೇ ಉದ್ದದ ನೆರಳಿದ್ದರೆ, ಆ ಪಟ್ಟಿಯನ್ನು ಯಾರೋ ಈಚೆಗೆ ಮರಳಿ ಹೊಲಿದಿದ್ದಾರೆ. ಸಂಗ್ರಾಹಕರು ಹಳೆಯ ರೂಪಕ್ಕೆ ತರುವ ಆಸೆಯಿಂದ ಪ್ರಾಮಾಣಿಕವಾಗಿಯೇ ಹೀಗೆ ಮಾಡಿಸುವುದುಂಟು, ಮಾರುವಾಗ ಅದನ್ನು ಹೇಳಬೇಕಷ್ಟೆ. ನಾನೂ ಒಮ್ಮೆ ಬಿಳಿಯ ಜರ್ಸಿಯೊಂದನ್ನು ಮುಂಭಾಗದ ಫೋಟೋ ನೋಡಿಯೇ ಕೊಂಡು, ಮನೆಗೆ ಬಂದ ಮೇಲೆ ದೀಪದೆದುರು ಹಿಡಿದಾಗ ಮೂರು ಸಾಲು ರಂಧ್ರಗಳನ್ನು ಎಣಿಸಿ ಪೆಚ್ಚಾಗಿದ್ದೇನೆ. ಜರ್ಸಿ ಅಸಲಿಯೇ, ಪಂದ್ಯದಲ್ಲಿ ತೊಟ್ಟದ್ದೂ ನಿಜವೇ. ನಾನು ಹಣ ಕೊಟ್ಟ ಹೆಸರು ಮಾತ್ರ ಅದರದಲ್ಲ.

ಪಾಲ್ ಕರಿಯಾ ಅವರ ಉದಾಹರಣೆ ತೆಗೆದುಕೊಳ್ಳೋಣ. ಮೇನ್ ತಂಡಕ್ಕೆ 1992–93ರಲ್ಲಿ 39 ಪಂದ್ಯಗಳಲ್ಲಿ 100 ಅಂಕ (ಗೋಲು ಮತ್ತು ಗೋಲಿಗೆ ನೆರವು ಸೇರಿ) ಗಳಿಸಿ, ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದೇ ಕಾಲೇಜು ಹಾಕಿಯ ಶ್ರೇಷ್ಠ ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ ಪಡೆದ ಅವರು ತೊಟ್ಟದ್ದು 9ರ ಜರ್ಸಿ. ಮರುವರ್ಷ ಆ ತಂಡಕ್ಕೆ ಆಡಿದ್ದು 12 ಪಂದ್ಯ ಮಾತ್ರ. ಮೇನ್ ತಂಡದ ಆ ಕಾಲದ 9ರ ಜರ್ಸಿಯೊಂದು ಎದುರಿಗೆ ಬಂದರೆ, ಆ ಜೊತೆಯನ್ನು ತಂಡ ಯಾವ ವರ್ಷದಿಂದ ಯಾವ ವರ್ಷದವರೆಗೆ ತೊಟ್ಟಿತು, ಆ ಅವಧಿಯಲ್ಲಿ 9 ಇನ್ನಾರ ಬೆನ್ನ ಮೇಲಿತ್ತು ಎಂಬುದನ್ನು ಹಳೆಯ ತಂಡಪಟ್ಟಿಗಳಿಂದ ತೆಗೆಯುವುದು ಮೊದಲ ಕೆಲಸ. ಬೆನ್ನಿನ ಮೇಲೆ ಹೆಸರೇ ಹಾಕದ ತಂಡಗಳಿಗಂತೂ ಈ ಪಟ್ಟಿ ಇನ್ನೂ ಅಗತ್ಯ.

ನೇರಳಾತೀತ ಟಾರ್ಚಿನ ಬಗ್ಗೆ ಒಂದು ಎಚ್ಚರಿಕೆ. ಎರಡನೆಯ ಮಹಾಯುದ್ಧದ ನಂತರದ ಸಾಬೂನು ಪುಡಿಗಳಲ್ಲಿ ಬಟ್ಟೆಗೆ ಬೆಳ್ಳನೆಯ ಹೊಳಪು ಕೊಡುವ ರಾಸಾಯನಿಕಗಳಿವೆ, ಅವು ಈ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಹಳೆಯ ಉಣ್ಣೆಯ ಜರ್ಸಿ ಹೊಳೆದ ಮಾತ್ರಕ್ಕೆ ನಕಲಿಯಲ್ಲ, ಯಾರೋ ಆಮೇಲೆ ಒಗೆದಿರಬಹುದು. ಟಾರ್ಚು ನಿಜವಾಗಿ ಉಪಯೋಗಕ್ಕೆ ಬರುವುದು ಹೋಲಿಕೆಯಲ್ಲಿ: ಸಂಖ್ಯೆಯ ಸುತ್ತಲಿನ ದಾರ ಒಂದು ರೀತಿ, ಹೆಸರುಪಟ್ಟಿಯ ದಾರ ಇನ್ನೊಂದು ರೀತಿ ಹೊಳೆದರೆ ಅವೆರಡೂ ಒಂದೇ ದಿನ ಹೊಲಿದವಲ್ಲ.

ಐದನೆಯ ಹಂತ: ಸವೆತವನ್ನು ಓದುವುದು

ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ಬಿಲ್ಲೆಯಾದ ಪಕ್ ಗಟ್ಟಿ ಮಾಡಿದ ರಬ್ಬರಿನದು, ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ. ಅದು ತಾಗಿದಲ್ಲಿ ಕಪ್ಪು ಕಮಾನಿನಂಥ ಗುರುತು ಉಳಿಯುತ್ತದೆ. ಸ್ಟಿಕ್ಕಿಗೆ ಸುತ್ತಿದ ಕಪ್ಪು ಬಟ್ಟೆಯ ಟೇಪು ತೋಳಿನ ಮೇಲೆ, ಪಕ್ಕೆಯ ಮೇಲೆ ಉದ್ದನೆಯ ಗೀರುಗಳನ್ನು ಎಳೆಯುತ್ತದೆ. ರಿಂಕಿನ (ಆಟದ ಮಂಜಿನ ಅಂಗಳದ) ಸುತ್ತಲಿನ ಹಲಗೆಗೆ ಮೈ ಉಜ್ಜಿದಾಗ ಅಲ್ಲಿನ ಬಣ್ಣ, ಬುಡದ ಹಳದಿ ಪಟ್ಟಿಯ ಬಣ್ಣವೂ ಸೇರಿ, ಭುಜಕ್ಕೆ ಮೊಣಕೈಗೆ ಅಂಟುತ್ತದೆ. ಅದೇ ಉಜ್ಜುವಿಕೆ ಜೋರಾಗಿದ್ದರೆ ಪಾಲಿಯೆಸ್ಟರ್ ಕರಗಿ, ತಣ್ಣಗಾದ ಮೇಲೆ ಗಾಜಿನಂತೆ ಗಡುಸಾದ ಹೊಳೆಯುವ ಅಂಚು ನಿಲ್ಲುತ್ತದೆ. ಬೆರಳ ತುದಿಯಿಂದ ಸವರಿದರೆ ಚುಚ್ಚುತ್ತದೆ. ಈ ಕರಗಿದ ಅಂಚನ್ನು ನೆನಪಿಟ್ಟುಕೊಳ್ಳಿ, ಕೃತಕವಾಗಿ ಮಾಡಲು ಅತ್ಯಂತ ಕಷ್ಟದ ಗುರುತುಗಳಲ್ಲಿ ಇದೊಂದು.

ಇವೆಲ್ಲ ಪೆಟ್ಟಿನ ಗುರುತುಗಳಾದರೆ, ನಿತ್ಯದ ತಿಕ್ಕಾಟದ ಗುರುತುಗಳು ಇನ್ನೂ ನಂಬಲರ್ಹ. ಕೆಳ ಅಂಚು ದಪ್ಪ ಚಲ್ಲಣಕ್ಕೆ ಉಜ್ಜಿ, ಮುಂಗೈ ಅಂಚು ಕೈಗವಸಿಗೆ ಉಜ್ಜಿ ತುಪ್ಪುಳವೆದ್ದು ಸಣ್ಣ ನೂಲುಂಡೆಗಳು ಕಟ್ಟಿರುತ್ತವೆ. ಒಳಮೈಯಲ್ಲಿ ಭುಜ ಮತ್ತು ಮೊಣಕೈ ಭಾಗಗಳು ರಕ್ಷಾಕವಚದ ವೆಲ್ಕ್ರೋಗೆ ಸಿಕ್ಕಿ ನೂಲು ಎದ್ದಿರುತ್ತವೆ. ಕುತ್ತಿಗೆಯ ಒಳಪಟ್ಟಿ ಬೆವರಿನಿಂದ ಹಳದಿಯಾಗಿರುತ್ತದೆ. ಗೋಲಿಯ ಜರ್ಸಿಯಾದರೆ ಪಕ್ಕಿನ ಗುರುತುಗಳು ಎದೆ, ಹೊಟ್ಟೆ, ತೋಳುಗಳ ಮುಂಭಾಗದಲ್ಲಿರಬೇಕು, ಬೆನ್ನಿನಲ್ಲಿ ಅವು ಅಪರೂಪ.

ಆಟಗಾರ ಎಡಗೈಯವನೋ ಬಲಗೈಯವನೋ ಎಂದು ತಂಡಪಟ್ಟಿಯಲ್ಲಿ ನೋಡಿ. ಎಡಕ್ಕೆ ಹೊಡೆಯುವವನ ಎಡಗೈ ಸ್ಟಿಕ್ಕಿನ ಕೆಳಭಾಗದಲ್ಲಿರುವುದರಿಂದ ಎರಡೂ ತೋಳುಗಳ ಸವೆತ ಸಮನಾಗಿರುವುದಿಲ್ಲ. ಎರಡೂ ತೋಳುಗಳಲ್ಲಿ ಕನ್ನಡಿಯ ಬಿಂಬದಂತೆ ಒಂದೇ ಸವೆತ ಕಂಡರೆ ನನಗೆ ಆಗುವುದು ಅನುಮಾನವೇ.

ಆದರೆ ಎಷ್ಟು ಸವೆತ ಸಾಕು ಎಂಬುದಕ್ಕೆ ಕಾಲೇಜಿನ ಅಳತೆ ಬೇರೆ. ವೃತ್ತಿಪರರಿಗೆ ಋತುವಿಗೆ 80ಕ್ಕೂ ಹೆಚ್ಚು ಪಂದ್ಯಗಳಾದರೆ ಕಾಲೇಜು ತಂಡಕ್ಕೆ ಸುಮಾರು 34, ಮೇಲೆ ಟೂರ್ನಿಯ ಕೆಲವು; ಅವುಗಳಲ್ಲಿ ಬಿಳಿಯದರ ಪಾಲು ಅರ್ಧ, ಬಣ್ಣದ್ದರ ಪಾಲು ಅರ್ಧ. ಆಟಗಾರರು ಮುಖ ಮುಚ್ಚುವ ಪೂರ್ಣ ಜಾಲರಿ ತೊಡುವುದರಿಂದ ರಕ್ತದ ಕಲೆಯೂ ಕಡಿಮೆ. ಒಂದೇ ಋತುವಿನ ಜರ್ಸಿ ಸೌಮ್ಯವಾಗಿ ಕಂಡರೆ ಆಶ್ಚರ್ಯವಿಲ್ಲ. ಒಂದೇ ಋತುವಿನದೆಂದು ಹೇಳಿದ್ದು ಜರ್ಜರಿತವಾಗಿದ್ದರೆ ಬಹುಶಃ ಅದು ಮೂರು ಋತು ಕಂಡ ಅಂಗಿ.

ತೇಪೆ, ರಫುಗಳನ್ನು ಎಣಿಸಿ. ತಂಡದ ಹೊಲಿಗೆ ಕೆಲಸ ಪಂದ್ಯಗಳ ನಡುವಿನ ಅವಸರದಲ್ಲಿ ಆಗುವಂಥದ್ದು. ಗಟ್ಟಿಯಾಗಿರುತ್ತದೆ, ಅಂದವಾಗಿರುವುದಿಲ್ಲ, ದಾರದ ಬಣ್ಣ ಹೊಂದದಿರುವುದೂ ಉಂಟು. ಹರಕಿನ ಬಾಯಿಯನ್ನು ಮಸೂರದಲ್ಲಿ ನೋಡಿ: ಎಳೆದು ಹರಿದಲ್ಲಿ ನೂಲುಗಳು ಜಗ್ಗಿ ಬೇರೆ ಬೇರೆ ಉದ್ದಕ್ಕೆ ತುಂಡಾಗಿರುತ್ತವೆ, ಕತ್ತರಿ ಹಾಕಿದಲ್ಲಿ ಎಲ್ಲವೂ ಒಂದೇ ನೇರಕ್ಕೆ. ಮರಳು ಕಾಗದದಿಂದ ಉಜ್ಜಿದ ಜಾಗ ಬರಿ ತುಪ್ಪುಳವೇಳುತ್ತದೆ, ಕರಗಿದ ಗಡುಸು ಅಲ್ಲಿ ಬರುವುದಿಲ್ಲ. ಜೊತೆಗೆ ಉಜ್ಜಿದವನ ಕೈ ಒಂದೇ ದಿಕ್ಕಿಗೆ ಓಡಿರುತ್ತದೆ. ಹೊರಮೈ ರಣರಂಗದಂತಿದ್ದು ಒಳಮೈ ಅಂಗಡಿಯಿಂದ ಈಗ ತಂದಂತಿದ್ದರೆ ಜರ್ಸಿಯನ್ನು ಮಡಚಿ ವಾಪಸು ಕೊಡಿ.

ಆರನೆಯ ಹಂತ: ಛಾಯಾಚಿತ್ರದೊಂದಿಗೆ ಹೊಂದಿಸುವುದು

ಇಲ್ಲಿಯವರೆಗಿನ ಪರೀಕ್ಷೆಗಳು ಜರ್ಸಿ ಆ ತಂಡದ್ದು, ಆ ಕಾಲದ್ದು, ಪಂದ್ಯದಲ್ಲಿ ಬಳಸಿದ್ದು ಎಂದು ಹೇಳಬಲ್ಲವು. ಇಂಥವನೇ ತೊಟ್ಟಿದ್ದನೆಂದು ಹೇಳುವ ಶಕ್ತಿ ಇರುವುದು ಛಾಯಾಚಿತ್ರಕ್ಕೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಈ ಹಂತದಲ್ಲಿ ಅಕ್ಷರಶಃ ಪಾಲಿಸಬೇಕು.

ಚಿತ್ರಗಳನ್ನು ಎಲ್ಲಿ ಹುಡುಕಬೇಕು? ರಾಷ್ಟ್ರೀಯ ಟೂರ್ನಿ, ಬಾಸ್ಟನ್ನಿನ ನಾಲ್ಕು ತಂಡಗಳ ಬೀನ್‌ಪಾಟ್, ಬಯಲು ಪಂದ್ಯಗಳು, ಇವುಗಳಿಗೆ ಗೆಟ್ಟಿಯಂಥ ಚಿತ್ರಸಂಸ್ಥೆಗಳಲ್ಲಿ ದೊಡ್ಡ ಗಾತ್ರದ ಚಿತ್ರಗಳು ದೊರೆಯುತ್ತವೆ. ಸಾಮಾನ್ಯ ಶುಕ್ರವಾರ ಶನಿವಾರದ ಪಂದ್ಯಗಳಿಗೆ ವಿದ್ಯಾರ್ಥಿ ಪತ್ರಿಕೆಗಳೇ ಗತಿ. 1890ರಿಂದ ನಡೆದುಬಂದಿರುವ ಮಿಷಿಗನ್ ಡೈಲಿಯ, ಕಾರ್ನೆಲ್ ಡೈಲಿ ಸನ್‌ನ ಹಳೆಯ ಸಂಚಿಕೆಗಳು ಗಣಕೀಕೃತವಾಗಿವೆ. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಚಿತ್ರಕೋಶ, ತಂಡದ ವಾರ್ಷಿಕ ಕೈಪಿಡಿ, ಪಂದ್ಯದ ವಿಡಿಯೋ ಯಾವುದನ್ನೂ ಬಿಡಬೇಡಿ. ವಿಡಿಯೋದಲ್ಲಿ ಸೂಕ್ಷ್ಮ ಗುರುತು ಕಾಣುವುದು ಕಷ್ಟವಾದರೂ ದೊಡ್ಡ ತೇಪೆ ಕಾಣುತ್ತದೆ.

ಹೋಲಿಸಬೇಕಾದದ್ದು ವಿನ್ಯಾಸವನ್ನಲ್ಲ. ವಿನ್ಯಾಸ ತಂಡದ ಇಪ್ಪತ್ತೈದೂ ಜರ್ಸಿಗಳಿಗೆ ಒಂದೇ. ಚಿತ್ರದಲ್ಲಿರುವುದೂ ಕೈಯಲ್ಲಿರುವುದೂ ಒಂದೇ ಥರ ಎಂದು ತೋರಿಸುವುದು ಶೈಲಿಯ ಹೊಂದಿಕೆ ಮಾತ್ರ, ಅದನ್ನೇ ಛಾಯಾಚಿತ್ರ ಪ್ರಮಾಣವೆಂದು ಮಾರುವವರು ಬಹಳ. ನೋಡಬೇಕಾದದ್ದು ಆ ಒಂದು ಅಂಗಿಗೆ ಮಾತ್ರ ಇರುವ ಓರೆಕೋರೆಗಳನ್ನು. ಜಾಲರಿ ಬಟ್ಟೆಯ ಸಾಲು ಸಾಲು ತೂತುಗಳ ಮೇಲೆ ಅಂಕಿಯ ಅಂಚು ಎಲ್ಲಿ ಕುಳಿತಿದೆ, ಯಾವ ತೂತನ್ನು ಅರ್ಧ ಮುಚ್ಚಿದೆ ಎಂಬುದು ಕೈಯಿಂದ ಇಟ್ಟು ಹೊಲಿದ ಟ್ವಿಲ್‌ನಲ್ಲಿ ಜರ್ಸಿಯಿಂದ ಜರ್ಸಿಗೆ ಬೇರೆ. ಅದು ಹೆಬ್ಬೆಟ್ಟಿನ ಗುರುತಿದ್ದಂತೆ. ಲಾಂಛನದ ಮೂಲೆಗಳಲ್ಲಿ ಜಿಗ್‌ಜಾಗ್ ಹೊಲಿಗೆ ತಿರುಗಿದ ರೀತಿ, ಪಕ್ಕದ ಹೊಲಿಗೆಯಲ್ಲಿ ಮುಂದಿನ ಪಟ್ಟೆಯೂ ಹಿಂದಿನ ಪಟ್ಟೆಯೂ ಕೂಡುವಾಗ ಉಳಿದ ಏರುಪೇರು, ಹೆಸರಿನ ಅಕ್ಷರಗಳ ನಡುವಿನ ಅಂತರ, ಕ್ಯಾಪ್ಟನ್ನನ ಸಿ ಅಕ್ಷರದ ಓರೆ, ಇವೆಲ್ಲ ಒಳ್ಳೆಯ ಬಿಂದುಗಳು. ಮುದ್ರಿತ ಜರ್ಸಿಯಲ್ಲಿ ಟ್ವಿಲ್ ಇಲ್ಲದ್ದರಿಂದ ತುಂಡುಗಳನ್ನು ಕೂಡಿಸಿದ ಹೊಲಿಗೆಯಲ್ಲಿ ಚಿತ್ತಾರ ಎಷ್ಟು ಜಾರಿದೆ ಎಂಬುದನ್ನೇ ನಂಬಬೇಕು.

ಹೊಂದಿಕೆಯ ತರ್ಕದಲ್ಲಿ ಕಾಲದ ದಿಕ್ಕು ಮುಖ್ಯ. ಜರ್ಸಿಯಲ್ಲಿ ಇರುವ ತೇಪೆ ಚಿತ್ರದಲ್ಲಿ ಇಲ್ಲದಿದ್ದರೆ ತೊಂದರೆಯಿಲ್ಲ, ಚಿತ್ರ ತೆಗೆದ ಮೇಲೆ ಹರಿದು ತೇಪೆ ಬಿದ್ದಿರಬಹುದು. ಚಿತ್ರದಲ್ಲಿರುವ ತೇಪೆ ಜರ್ಸಿಯಲ್ಲಿ ಇಲ್ಲದಿದ್ದರೆ ಅದು ಆ ಜರ್ಸಿಯಲ್ಲ, ಏಕೆಂದರೆ ಕಲೆ ಒಗೆದರೆ ಹೋಗುತ್ತದೆ, ಹರಕು ಹೋಗುವುದಿಲ್ಲ. ಇದರಿಂದ ಒಂದು ಕ್ರಮ ಹುಟ್ಟುತ್ತದೆ: ಋತುವಿನ ಕೊನೆಯ ಪಂದ್ಯದ ಚಿತ್ರದಿಂದ ಆರಂಭಿಸಿ ಹಿಂದಕ್ಕೆ ಹೋಗಿ. ಕೊನೆಯ ಚಿತ್ರದಲ್ಲಿ ಹೆಚ್ಚು ಗುರುತುಗಳಿರುತ್ತವೆ, ಹೊಂದಿಸುವುದು ಸುಲಭ. ಹಿಂದಕ್ಕೆ ಹೋದಂತೆ ಒಂದೊಂದು ಗುರುತೂ ಯಾವ ವಾರ ಬಿತ್ತೆಂಬುದು ತಿಳಿಯುತ್ತ, ಜರ್ಸಿಯ ದಿನಚರಿಯೇ ಸಿದ್ಧವಾಗುತ್ತದೆ.

ಎಷ್ಟು ಬಿಂದುಗಳು ಹೊಂದಿದರೆ ಸಾಕು ಎಂದು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹತ್ತು ಅಸ್ಪಷ್ಟ ಹೋಲಿಕೆಗಳಿಗಿಂತ ಮೂರು ಸ್ಪಷ್ಟ ಹೊಂದಿಕೆಗಳು ಮೇಲು. ಆದರೆ ಒಂದೇ ಒಂದು ಸ್ಪಷ್ಟ ಭಿನ್ನತೆ, ಬೆಳಕು, ಮಡಿಕೆ, ತಿರುಗಿಸಿ ಮುದ್ರಿಸಿದ ಚಿತ್ರ ಮುಂತಾದ ಕಾರಣಗಳಿಂದ ವಿವರಿಸಲು ಬಾರದಂಥದ್ದು ಸಿಕ್ಕರೂ ಹೊಂದಿಕೆ ಮುರಿಯಿತು. ಮಾರಾಟಗಾರರು ಕಳಿಸಿದ ಚಿತ್ರವನ್ನು ಹಾಗೆಯೇ ಒಪ್ಪದೆ ಮೂಲವನ್ನು ನೀವೇ ಹುಡುಕಿ ತೆರೆಯಿರಿ. ದುಬಾರಿ ಜರ್ಸಿಗಳಿಗೆ ಮೈಗ್ರೇ, ರೆಸೊಲ್ಯೂಷನ್ ಫೋಟೋಮ್ಯಾಚಿಂಗ್, ಸ್ಪೋರ್ಟ್ಸ್ ಇನ್ವೆಸ್ಟರ್ಸ್ ಮುಂತಾದ ಸಂಸ್ಥೆಗಳು ಶುಲ್ಕ ಪಡೆದು ಈ ಕೆಲಸ ಮಾಡಿಕೊಡುತ್ತವೆ. ಅವರಿಗೆ ಕಳಿಸುವ ಮುಂಚೆ ನಿಮ್ಮ ಹುಡುಕಾಟ ಮುಗಿದಿದ್ದರೆ ಅವರ ವರದಿಯನ್ನು ತೂಗಿ ನೋಡಲು ನಿಮಗೂ ಸಾಧ್ಯವಾಗುತ್ತದೆ.

ಏಳನೆಯ ಹಂತ: ಕಾಗದಪತ್ರ ಮತ್ತು ಕೈದಾಟಿದ ದಾರಿ

ಪ್ರಮಾಣಪತ್ರವನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಮೊದಲೇ ಓದಿದರೆ ಕಣ್ಣು ಅದು ಹೇಳಿದ್ದನ್ನೇ ಜರ್ಸಿಯಲ್ಲಿ ಕಾಣತೊಡಗುತ್ತದೆ.

ಪತ್ರಕ್ಕೆ ಸಹಿ ಹಾಕಿದವರು ಜರ್ಸಿಯನ್ನು ಹೇಗೆ ಬಲ್ಲರು ಎಂಬುದೇ ಮುಖ್ಯ ಪ್ರಶ್ನೆ. ತಂಡದ ಎಕ್ವಿಪ್‌ಮೆಂಟ್ ಮ್ಯಾನೇಜರ್ ಕೊಟ್ಟ ಪತ್ರಕ್ಕಿರುವ ತೂಕ, ಸಹಿ ಸಂಗ್ರಹದ ಅಂಗಡಿಯ ಅಚ್ಚು ಹಾಕಿದ ಕಾರ್ಡಿಗಿಲ್ಲ. ಒಳ್ಳೆಯ ಪತ್ರ ಅಳತೆ, ಟ್ಯಾಗು, ತೇಪೆಗಳನ್ನು ಹೆಸರಿಸಿ, ಈ ಒಂದು ಜರ್ಸಿಗೆ ಮಾತ್ರ ಹೊಂದುವಂತಿರುತ್ತದೆ. ಯಾವ ಜರ್ಸಿಯ ಜೊತೆಗಿಟ್ಟರೂ ಸಲ್ಲುವ ಪತ್ರ ಯಾವುದಕ್ಕೂ ಸಾಕ್ಷಿಯಲ್ಲ. ಆಟಗಾರನ ಹಸ್ತಾಕ್ಷರ ಜರ್ಸಿಯ ಮೇಲಿದ್ದರೆ ಅದು ಹಸ್ತಾಕ್ಷರಕ್ಕೆ ಸಾಕ್ಷಿ, ತೊಟ್ಟದ್ದಕ್ಕಲ್ಲ.

ವಿಶ್ವವಿದ್ಯಾಲಯದಿಂದ ಜರ್ಸಿ ಹೊರಬಂದ ದಾರಿಯನ್ನು ಕೇಳಿ: ಹಳೆಯ ಸಾಮಗ್ರಿ ಮಾರಾಟದಲ್ಲೋ, ಧರ್ಮಾರ್ಥ ಹರಾಜಿನಲ್ಲೋ, ಪದವಿಯ ವರ್ಷ ಆಟಗಾರನಿಗೆ ಉಡುಗೊರೆಯಾಗಿಯೋ. ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲು ಎನ್‌ಸಿಎಎ ಅವಕಾಶ ಕೊಟ್ಟದ್ದು 2021ರ ಜುಲೈನಲ್ಲಿ. ಅದಕ್ಕೂ ಹಿಂದೆ, ಇನ್ನೂ ಆಡುತ್ತಿದ್ದಾಗಲೇ ಆಟಗಾರನಿಂದ ನೇರ ಕೊಂಡೆ ಎಂಬ ಕಥೆ ಕೇಳಿದರೆ ಇನ್ನೊಂದೆರಡು ಪ್ರಶ್ನೆ ಹಾಕಬೇಕು.

ಹೆಚ್ಚಿನವರು ಬಳಸದ ಒಂದು ದಾರಿಯನ್ನೂ ಹೇಳುತ್ತೇನೆ. ಮಿಷಿಗನ್, ಮಿನ್ನೆಸೋಟ, ವಿಸ್ಕಾನ್ಸಿನ್ ಮುಂತಾದವು ಸರ್ಕಾರಿ ವಿಶ್ವವಿದ್ಯಾಲಯಗಳು. ನಮ್ಮ ಮಾಹಿತಿ ಹಕ್ಕಿನಂಥದೇ ಕಾನೂನುಗಳು ಆಯಾ ರಾಜ್ಯಗಳಲ್ಲಿವೆ. ಇಂಥ ಋತುವಿಗೆ ಜರ್ಸಿಗಳನ್ನು ಎಷ್ಟು, ಯಾವ ಅಳತೆಯಲ್ಲಿ, ಯಾರಿಂದ ಖರೀದಿಸಲಾಯಿತು ಎಂಬ ಆದೇಶಪತ್ರದ ಪ್ರತಿಯನ್ನು ಅರ್ಜಿ ಹಾಕಿ ಕೇಳಬಹುದು. ಹಳೆಯ ಕಡತಗಳನ್ನು ವಿಲೇವಾರಿ ಮಾಡಿರಬಹುದು, ಕೆಲವು ರಾಜ್ಯಗಳು ತಮ್ಮ ನಿವಾಸಿಗಳ ಅರ್ಜಿಯನ್ನಷ್ಟೇ ಪರಿಗಣಿಸುತ್ತವೆ. ಆದರೂ 9ನೇ ಸಂಖ್ಯೆಗೆ ತರಿಸಿದ್ದು 52ರ ಅಳತೆ ಎಂದು ಆದೇಶಪತ್ರದಲ್ಲಿದ್ದು, ಮೇಜಿನ ಮೇಲಿರುವುದು 56 ಆಗಿದ್ದರೆ, ಯಾವ ಪ್ರಮಾಣಪತ್ರವೂ ಅದನ್ನು ಉಳಿಸಲಾರದು. ಬಾಸ್ಟನ್ ಕಾಲೇಜ್, ಹಾರ್ವರ್ಡ್‌ನಂಥ ಖಾಸಗಿ ಸಂಸ್ಥೆಗಳಿಗೆ ಈ ದಾರಿಯಿಲ್ಲ.

ಎಂಟನೆಯ ಹಂತ: ತೀರ್ಮಾನವನ್ನು ಬರೆಯುವುದು

ಅಸಲಿ, ನಕಲಿ ಎಂಬ ಎರಡೇ ಪದಗಳಲ್ಲಿ ತೀರ್ಮಾನ ಬರೆಯಬೇಡಿ. ಮೊದಲ ಹಂತದಲ್ಲಿ ಬರೆದಿಟ್ಟ ಹೇಳಿಕೆಯ ಒಂದೊಂದು ಅಂಶದ ಎದುರೂ ಬೇರೆ ಬೇರೆ ಬರೆಯಿರಿ: ತಂಡ ಖಚಿತ, ಜೊತೆಯ ಕಾಲ ಖಚಿತ, ಪಂದ್ಯದಲ್ಲಿ ತೊಟ್ಟದ್ದು ಖಚಿತ, ಈ ಆಟಗಾರ ತೊಟ್ಟದ್ದು ಸಂಭವನೀಯ, ಈ ಪಂದ್ಯದಲ್ಲಿ ತೊಟ್ಟದ್ದಕ್ಕೆ ಆಧಾರವಿಲ್ಲ, ಹೀಗೆ. ಆಧಾರವಿರುವಷ್ಟಕ್ಕೆ ಮಾತ್ರ ಬೆಲೆ ಕೊಡಿ. ಇಬ್ಬರು ಮೂವರು ಆಟಗಾರರು ತೊಟ್ಟ ಜರ್ಸಿ ಕೀಳೇನಲ್ಲ, ಕಾಲೇಜು ಹಾಕಿಯ ರೀತಿಗೆ ಅದೇ ಸಹಜ; ಒಬ್ಬನದೇ ಎಂಬ ಬೆಲೆಗೆ ಅದನ್ನು ಕೊಳ್ಳಬಾರದು, ಅಷ್ಟೇ.

ಕೊಂಡ ಮೇಲೆ ಜರ್ಸಿಯನ್ನು ಒಗೆಯಬೇಡಿ, ಸಡಿಲವಾದ ದಾರವನ್ನು ಕತ್ತರಿಸಬೇಡಿ, ಅಂದಗೆಟ್ಟ ತೇಪೆಯನ್ನು ಸರಿಪಡಿಸಬೇಡಿ. ತಂತಿಯ ಹ್ಯಾಂಗರಿಗೆ ನೇತುಹಾಕದೆ, ಆಮ್ಲರಹಿತ ಕಾಗದವನ್ನು ನಡುವೆ ಹಾಸಿ ಮಟ್ಟಸವಾಗಿ, ಬಿಸಿಲು ತಾಗದ ಕಡೆ ಇಡಿ. ನಿಮ್ಮ ಫೋಟೋಗಳು, ಹೊಂದಿಸಿದ ಚಿತ್ರಗಳ ಮೂಲ, ಪತ್ರಗಳು, ಬರೆದ ತೀರ್ಮಾನ ಇವುಗಳ ಒಂದು ಪ್ರತಿಯನ್ನು ಅದರ ಜೊತೆಯಲ್ಲೇ ಇರಿಸಿ, ತೀರ್ಮಾನದ ಕೆಳಗೆ ದಿನಾಂಕ ಹಾಕಿ. ವಿಶ್ವವಿದ್ಯಾಲಯಗಳ ಹಳೆಯ ಚಿತ್ರಗಳು ಇನ್ನೂ ಗಣಕಕ್ಕೆ ಏರುತ್ತಲೇ ಇರುವುದರಿಂದ, ಸಂಭವನೀಯ ಎಂದು ಬರೆದ ಸಾಲನ್ನು ವರ್ಷಕ್ಕೊಮ್ಮೆಯಾದರೂ ತೆರೆದು ಹೊಸ ಚಿತ್ರಗಳೊಂದಿಗೆ ಮತ್ತೆ ನೋಡಿ.